ಸಣ್ಣ ಊರು, ಕ್ರಿಸ್‌ಮಸ್, ಸ್ವೀಟ್ ರೊಮ್ಯಾನ್ಸ್: ಕಿರುಕಾದಂಬರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲು ಇಷ್ಟು

‘ಸ್ವೀಟ್’ ಅಂದ್ರೆ ಬರೀ ಮುತ್ತು ಕೊಡೋದು, ಅಷ್ಟೇನಾ?

ಹೆಚ್ಚುಕಡಿಮೆ ಅಷ್ಟೇ. ಕೈ ಹಿಡಿಯುವುದು, ಅಪ್ಪುಗೆ, ಮುತ್ತು ಪುಟದ ಮೇಲೆ ಬರುತ್ತವೆ. ಅದರಾಚೆಯದು ಬರುವುದಿಲ್ಲ. ಬೈಗುಳ ಕಡಿಮೆ, ರಕ್ತಪಾತ ಇಲ್ಲ. ‘ಕ್ಲೀನ್’ ಎಂಬ ಹಣೆಪಟ್ಟಿಯೂ ಚಾಲ್ತಿಯಲ್ಲಿದೆ. ಆದರೆ ಉಳಿದವೆಲ್ಲ ಕೊಳಕು ಎಂದಂತಾಗುತ್ತದೆ ಎಂದು ಅನೇಕ ಲೇಖಕಿಯರು ಆ ಪದದಿಂದ ದೂರ ಉಳಿಯುತ್ತಾರೆ, ಅದರಲ್ಲಿ ನ್ಯಾಯವಿದೆ. ‘ಇನ್‌ಸ್ಪಿರೇಷನಲ್’ ಬೇರೆಯೇ ಬಗೆ. ಅಲ್ಲಿ ನಾಯಕ, ನಾಯಕಿಯರಲ್ಲಿ ಒಬ್ಬರ ದೈವನಂಬಿಕೆಯ ಏರಿಳಿತವೇ ಕಥೆಯ ಎರಡನೇ ಎಳೆ. ಸ್ವೀಟ್ ಕಥೆಯಲ್ಲಿ ಚರ್ಚು ಬರಬಹುದು, ಬರದೆಯೂ ಇರಬಹುದು.

ನೊವೆಲ್ಲಾ, ಅಂದ್ರೆ ಈ ಕಿರುಕಾದಂಬರಿ, ಎಷ್ಟು ಪುಟ?

ಪುಟಕ್ಕಿಂತ ಪದದ ಲೆಕ್ಕ ನಂಬಿಕೆಯದು. ಇಂಗ್ಲಿಷ್ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 20,000ದಿಂದ 40,000 ಪದ. ಒಂದು ಸಂಜೆ ಮತ್ತು ಮರುದಿನದ ಬೆಳಗಿನ ಕಾಫಿ ಹೊತ್ತಿಗೆ ಮುಗಿಯಬೇಕು. ಈ ಲೆಕ್ಕವನ್ನು ಕನ್ನಡಕ್ಕೆ ಹಾಗೇ ತರಬೇಡಿ. ಇಂಗ್ಲಿಷಿನ ಮೂರು ಪದ ನಮ್ಮಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದವಾಗುತ್ತದೆ. ಅಲ್ಲಿಯ 25,000 ಪದದ ಕಥೆ ಇಲ್ಲಿ 17,000ದ ಆಸುಪಾಸಿಗೆ ಇಳಿದರೆ ಏನೋ ಬಿಟ್ಟುಹೋಗಿದೆ ಎಂದು ಗಾಬರಿಪಡಬೇಕಿಲ್ಲ.

ಯಾಕೆ ಯಾವಾಗ್ಲೂ ಸಣ್ಣ ಊರು? ನ್ಯೂಯಾರ್ಕ್‌ನಲ್ಲಿ ಕ್ರಿಸ್‌ಮಸ್ ಇಲ್ವಾ?

ಇದೆ, ಕಥೆಗಳೂ ಇವೆ. ಆದರೆ ಮಹಾನಗರದಲ್ಲಿ ಇಬ್ಬರು ಅಪರಿಚಿತರು ಮೂರು ಸಲ ಎದುರಾಗಬೇಕಾದರೆ ಲೇಖಕಿ ಮೂರು ನೆಪ ಹುಡುಕಬೇಕು. ಎರಡು ಸಾವಿರ ಜನರ ಊರಿನಲ್ಲಿ ಒಂದೇ ಬೇಕರಿ, ಒಂದೇ ಅಂಚೆ ಕಚೇರಿ, ಒಂದೇ ಹಾರ್ಡ್‌ವೇರ್ ಅಂಗಡಿ. ಬೇಡವೆಂದರೂ ಎದುರಾಗುತ್ತಾರೆ. ಕಿರುಕಾದಂಬರಿಗೆ ಉಳಿತಾಯವಾಗುವುದು ಇಲ್ಲೇ. ಜೊತೆಗೆ, ಇವರಿಬ್ಬರು ಸೋಮವಾರ ಒಟ್ಟಿಗೆ ಕಾಫಿ ಕುಡಿದದ್ದು ಮಂಗಳವಾರ ಬೆಳಿಗ್ಗೆ ಇಡೀ ಊರಿಗೆ ಗೊತ್ತಿರುತ್ತದೆ. ಅದನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಕಥೆಯ ಊರುಗಳು ಬಹುಪಾಲು ಕಲ್ಪಿತ. ಅವುಗಳ ಹಿಂದಿನ ನಿಜದ ಊರುಗಳನ್ನು ನೋಡಬೇಕೆಂದರೆ ಎರಡರಿಂದ ಶುರುಮಾಡಿ: 1741ರ ಕ್ರಿಸ್‌ಮಸ್ ಮುನ್ನಾದಿನ ನಾಮಕರಣಗೊಂಡ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್, 1960ರ ದಶಕದಲ್ಲಿ ಬವೇರಿಯಾದ ಹಳ್ಳಿಯ ವೇಷ ತೊಟ್ಟು ಪ್ರವಾಸೋದ್ಯಮದಿಂದ ಚೇತರಿಸಿಕೊಂಡ ವಾಷಿಂಗ್ಟನ್ ರಾಜ್ಯದ ಲೆವೆನ್‌ವರ್ತ್.

ಇವೆಲ್ಲ ಅಮೆರಿಕದ ಹಾಲ್‌ಮಾರ್ಕ್ ಟಿವಿಯ ಸಿನಿಮಾ ನೋಡಿ ಹುಟ್ಟಿದ್ದಾ?

ಅಲ್ಲ. ಕ್ರಿಸ್‌ಮಸ್ಸಿಗೆಂದೇ ಸಣ್ಣ ಪುಸ್ತಕ ಮಾರುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮುಖ್ಯ. ಅವರ ಮೊದಲ ಕ್ರಿಸ್‌ಮಸ್ ಪುಸ್ತಕ ಬಂದದ್ದು 1843ರ ಡಿಸೆಂಬರಿನಲ್ಲಿ. ಪ್ರೇಮಕಥೆಗಳನ್ನು ತಿಂಗಳ ಲೆಕ್ಕದಲ್ಲಿ, ಒಂದೇ ಅಳತೆಯಲ್ಲಿ ತರುವ ಕ್ರಮ ಬೆಳೆದದ್ದು 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್, 1949ರಲ್ಲಿ ಕೆನಡಾದಲ್ಲಿ ಶುರುವಾದ ಹಾರ್ಲೆಕ್ವಿನ್ ಸಂಸ್ಥೆಗಳಿಂದ. ಹಾಲ್‌ಮಾರ್ಕ್ ವಾಹಿನಿಯ ವಾರ್ಷಿಕ ಕ್ರಿಸ್‌ಮಸ್ ಚಿತ್ರಮಾಲೆ 2009ರದು. ಹುಟ್ಟಿಸದಿದ್ದರೂ ಅಚ್ಚು ಹಾಕಿಕೊಟ್ಟದ್ದು ಅದೇ: ನಗರದ ಕೆಲಸದಾಕೆ, ಫ್ಲಾನೆಲ್ ಅಂಗಿಯ ಬಡಗಿ, ಮುಚ್ಚುವ ಹಂತದ ವಸತಿಗೃಹ.

ಕೊನೆ ಮೊದ್ಲೇ ಗೊತ್ತಿದ್ರೆ ಓದೋದ್ಯಾಕೆ?

ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನವರೆಗೆ ಕೂರುವುದು ಯಾಕೋ, ಅದಕ್ಕೇ.

## ಓದುವವರಿಗೆ

ಕವರ್ ನೋಡಿ ಸ್ವೀಟ್ ಅಂತ ಕಂಡುಹಿಡಿಯೋದು ಹೇಗೆ? ಒಂದ್ಸಲ ಮೋಸಹೋಗಿದ್ದೀನಿ.

ಕೋಟು, ಮಫ್ಲರ್ ಹಾಕಿಕೊಂಡ ಜೋಡಿ, ದೀಪದ ಬೀದಿ, ನಾಯಿಮರಿ ಇದ್ದರೆ ಬಹುತೇಕ ಸ್ವೀಟ್. ಬರಿಮೈ ನಾಯಕನಿದ್ದರೆ ಖಂಡಿತ ಅಲ್ಲ. ಎಡವುವುದು ಚಿತ್ರ ಬರೆದ ಕಾರ್ಟೂನ್ ಕವರುಗಳಲ್ಲಿ. ಕಳೆದ ಕೆಲವು ವರ್ಷಗಳಿಂದ ತೀರಾ ಬಿಸಿ ಕಥೆಗಳಿಗೂ ಅಂಥದೇ ಮುದ್ದಾದ ಕವರು ಬರುತ್ತಿದೆ. ಉಪಶೀರ್ಷಿಕೆಯಲ್ಲಿ ‘ಸ್ವೀಟ್’, ‘ಕ್ಲೀನ್ ಅಂಡ್ ಹೋಲ್‌ಸಮ್’, ‘ಕ್ಲೋಸ್ಡ್ ಡೋರ್’ ಎಂದಿದೆಯೇ ನೋಡಿ. ಮೂರನೆಯದರ ಅರ್ಥ ಸ್ವಲ್ಪ ಬೇರೆ: ಪಾತ್ರಗಳ ನಡುವೆ ಎಲ್ಲವೂ ನಡೆಯಬಹುದು, ಓದುಗರ ಎದುರು ನಡೆಯುವುದಿಲ್ಲ. ಹನ್ನೆರಡು ವರ್ಷದ ಮಗಳಿಗೆ ಕೊಡುವುದಾದರೆ ಈ ವ್ಯತ್ಯಾಸ ನೆನಪಿಡಿ.

ಸರಣಿಯ ನಾಲ್ಕನೇ ಪುಸ್ತಕ ಸಿಕ್ತು. ಅದನ್ನೇ ಮೊದಲು ಓದಬಹುದಾ?

ಓದಬಹುದು. ಪ್ರತಿ ಪುಸ್ತಕಕ್ಕೂ ಬೇರೆ ಜೋಡಿ, ಊರು ಮಾತ್ರ ಒಂದೇ. ಹಿಂದಿನ ಮೂರು ಜೋಡಿ ಸುಖವಾಗಿದ್ದಾರೆಂಬುದು ಮುಂಚೆಯೇ ಗೊತ್ತಾಗುತ್ತದೆ, ನಷ್ಟ ಅಷ್ಟೇ.

## ಬರೆಯಲು ಕೂತವರಿಗೆ

25,000 ಪದ ಹೇಗೆ ಹಂಚೋದು? ನಂದು ಅರ್ಧದಲ್ಲೇ 30,000 ದಾಟ್ತು.

ಅರ್ಧಕ್ಕೇ ದಾಟಿತೆಂದರೆ ಉಪಕಥೆ ನುಗ್ಗಿದೆ. ಮೊದಲು ಹೆಸರುಗಳನ್ನು ಎಣಿಸಿ. ನಾಯಕ, ನಾಯಕಿಯನ್ನು ಬಿಟ್ಟು ಹೆಸರಿರುವ ಪಾತ್ರಗಳು ಆರಕ್ಕಿಂತ ಹೆಚ್ಚಿದ್ದರೆ ಇಬ್ಬರನ್ನು ಒಬ್ಬರಾಗಿಸಿ. ಬೇಕರಿಯವಳೇ ಚರ್ಚಿನ ಗಾಯನತಂಡದ ಮುಖ್ಯಸ್ಥೆಯಾಗಲಿ.

ಹನ್ನೊಂದು ಅಧ್ಯಾಯ, ಒಂದೊಂದಕ್ಕೆ 2,200 ಪದ, ಕೊನೆಗೆ 800 ಪದದ ಉಪಸಂಹಾರ ಎಂದಿಟ್ಟುಕೊಳ್ಳಿ. ಇಬ್ಬರೂ ಭೇಟಿಯಾಗುವುದು ಮೊದಲ 2,500 ಪದದೊಳಗೆ. ಅವಳು ಕಾರಿನಲ್ಲಿ ಬರುತ್ತಾ ಬಾಲ್ಯ ನೆನೆಯುವ ಅಧ್ಯಾಯ ಬರೆದಿದ್ದರೆ ಅದನ್ನು ತೆಗೆದು ಎರಡನೇ ಅಧ್ಯಾಯದಿಂದ ಆರಂಭಿಸಿ, ಹತ್ತಕ್ಕೆ ಒಂಬತ್ತು ಸಲ ಕಥೆ ಸುಧಾರಿಸುತ್ತದೆ. ಕಾಲುಭಾಗಕ್ಕೆ ಬರುವಾಗ ಇಬ್ಬರೂ ತಪ್ಪಿಸಿಕೊಳ್ಳಲಾಗದ ಒಂದು ಕೆಲಸದಲ್ಲಿ ಜೊತೆಯಾಗಿರಬೇಕು. ನಡುವಿನಲ್ಲಿ ಕೈತಪ್ಪಿದ ಮುತ್ತು. ಮೊದಲ ಮುತ್ತು ಕಥೆಯ 60ರಿಂದ 70 ಶೇಕಡದ ನಡುವೆ, ಇಬ್ಬರ ನಡುವಿನ ಬಿರುಕು 75ರ ಸುಮಾರಿಗೆ. ಕೊನೆಯ ಎರಡು ಅಧ್ಯಾಯ ಕೂಡುವುದಕ್ಕೆ. ಹೊಸಬರು ಈ ಕೊನೆಯ ಭಾಗವನ್ನು ಮೂರು ಪುಟದಲ್ಲಿ ಮುಗಿಸಿಬಿಡುತ್ತಾರೆ. ಇಡೀ ಪುಸ್ತಕ ಕಾದದ್ದು ಅದಕ್ಕೇ ಅಲ್ಲವೇ, ಓದುಗರು ಮುನಿಸಿಕೊಳ್ಳದೆ ಇನ್ನೇನು?

ಕಥೆ ಎಷ್ಟು ದಿನ ನಡೀಬೇಕು?

ಅಮೆರಿಕದ ಕಥೆಗಳಲ್ಲಿ ಸಹಜ ಚೌಕಟ್ಟು ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕ್ರಿಸ್‌ಮಸ್ ಮುನ್ನಾದಿನದವರೆಗೆ. ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ, ಅಂದರೆ 22ರಿಂದ 28ರೊಳಗೆ. ಅಲ್ಲಿಂದ ಡಿಸೆಂಬರ್ 24ಕ್ಕೆ ಕಡಿಮೆಯೆಂದರೆ 26 ದಿನ, ಹೆಚ್ಚೆಂದರೆ 32. ಒಂದು ನಿಜವಾದ ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಪ್ರತಿ ದೃಶ್ಯವನ್ನೂ ಒಂದು ತಾರೀಖಿಗೆ ಕಟ್ಟಿಹಾಕಿ. ಶನಿವಾರದ ಮರುದಿನ ಅವಳು ಬ್ಯಾಂಕಿಗೆ ಹೋಗುವುದು, ಒಂದೇ ವಾರದಲ್ಲಿ ಮೂರು ಭಾನುವಾರ ಬರುವುದು ಇಲ್ಲೇ ಸಿಕ್ಕಿಬೀಳುತ್ತವೆ.

ಖಳನಾಯಕನೇ ಇಲ್ದೆ ಟೆನ್ಷನ್ ಎಲ್ಲಿಂದ ತರೋದು?

ಆ ಕ್ಯಾಲೆಂಡರಿನಿಂದಲೇ. 26ನೇ ತಾರೀಖು ಅವಳ ವಿಮಾನ ಎಂದು ಮೊದಲ ಅಧ್ಯಾಯದಲ್ಲೇ ತಿಳಿದಿದ್ದರೆ ಕುಕ್ಕಿ ಕತ್ತರಿಸುವ ದೃಶ್ಯಕ್ಕೂ ಬಿಗಿ ಬರುತ್ತದೆ. ಆ ತಾರೀಖು ಸುಳ್ಳಾಗಿರಬಾರದು. ಹೊರಡದಿದ್ದರೆ ಅವಳಿಗೆ ನಿಜವಾಗಿ ಏನೋ ಕೈತಪ್ಪಬೇಕು. ಅದು ಅವಳು ಐದು ವರ್ಷ ದುಡಿದು ಗಳಿಸಿದ ಬಡ್ತಿಯಾಗಿರಲಿ, ಅವಳೇ ತಾತ್ಸಾರ ಮಾಡುವ ಕೆಲಸವಾಗಿದ್ದರೆ ಬಿಡುವುದರಲ್ಲಿ ಏನು ಕಷ್ಟ?

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಊರನ್ನು ಕೊಳ್ಳಲು ಬರುವ ಕಂಪನಿಯವನನ್ನು ರಾಕ್ಷಸನಾಗಿಸುವುದು. ಎರಡು, ‘ಅವನು ಬೇರೆ ಹುಡುಗಿಯನ್ನು ಅಪ್ಪಿಕೊಂಡಿದ್ದ, ಆಮೇಲೆ ನೋಡಿದರೆ ತಂಗಿ’ ಎಂಬ ಬಗೆಯ ತಪ್ಪು ತಿಳಿವಳಿಕೆ. ಎರಡು ನಿಮಿಷದ ಮಾತಿನಲ್ಲಿ ಬಗೆಹರಿಯುವ ಜಗಳ 75 ಶೇಕಡದಲ್ಲಿ ಬರುವ ಬಿರುಕಿನ ಭಾರ ಹೊರಲಾರದು. ಪರೀಕ್ಷೆ ಸುಲಭ: ಅವರಿಬ್ಬರನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಸತ್ಯವನ್ನೆಲ್ಲ ಹೇಳಿಸಿ. ಅದಾದ ಮೇಲೂ ತೊಂದರೆ ಉಳಿದರೆ ಅದು ಕಥೆ.

ಯಾವ ಟ್ರೋಪ್ (ಕಥೆಯ ಸಿದ್ಧ ಜಾಡು) ಕಿರುಕಾದಂಬರಿಗೆ ಸರಿಹೋಗುತ್ತೆ?

ಹಳೆಯ ಪ್ರೇಮ ಮತ್ತೆ ಚಿಗುರುವುದು ಎಲ್ಲಕ್ಕಿಂತ ಸಲೀಸು. ನಾಲ್ಕು ವಾರದಲ್ಲಿ ಅಪರಿಚಿತರು ಜೀವಮಾನದ ನಿರ್ಧಾರಕ್ಕೆ ಬಂದರೆಂದು ನಂಬಿಸಲು ಪುಟ ಬೇಕು, ಹೈಸ್ಕೂಲಿನಿಂದ ಬಲ್ಲವರಾದರೆ ಅರ್ಧ ಕೆಲಸ ಮುಗಿದಿರುತ್ತದೆ. ಅಣ್ಣನ ಗೆಳೆಯನ ಕಥೆಗೂ ಇದೇ ಅನುಕೂಲ. ಮನೆಯವರ ಬಾಯಿ ಮುಚ್ಚಿಸಲು ಜೋಡಿಯಂತೆ ನಟಿಸುವ ಕಥೆ ಐದಾರು ದಿನಕ್ಕೆ ಕುಗ್ಗಿಸಿದರೆ ಚೆನ್ನ, ನಾಲ್ಕು ವಾರ ಎಳೆದರೆ ಯಾರೂ ಅನುಮಾನಪಡದಿರುವುದೇ ಅನುಮಾನಕ್ಕೆಡೆ. ಒಂಟಿ ತಂದೆಯ ಕಥೆಯಲ್ಲಿ ಮಗುವನ್ನು ಮುದ್ದುಮಾತಿನ ಗೊಂಬೆಯಾಗಿಸಬೇಡಿ. ಆರು ವರ್ಷದ ಮಗು ಹಸಿದಾಗ ರಂಪ ಮಾಡುತ್ತದೆ, ಯಾರಿಗೂ ಮದುವೆ ಮಾಡಿಸುವುದಿಲ್ಲ.

ಕೊನೇಲಿ ಮದುವೆ ಪ್ರಸ್ತಾಪ ಇರಲೇಬೇಕಾ?

ಬೇಡ. ಇಬ್ಬರೂ ಜೊತೆಗಿರುತ್ತಾರೆ ಎಂಬ ಭರವಸೆ ಸಾಕು. ಉಂಗುರ ಬೇಕೇ ಬೇಕೆಂದರೆ ಉಪಸಂಹಾರವನ್ನು ಮುಂದಿನ ಕ್ರಿಸ್‌ಮಸ್ಸಿಗೆ ಒಯ್ಯಿರಿ.

## ಊರು, ಚಳಿ, ಅಡುಗೆಮನೆ

ನಾನು ಹಿಮ ನೋಡೇ ಇಲ್ಲ. ಸಿನಿಮಾ ನೋಡಿ ಬರೆದ್ರೆ ಸಾಲ್ದಾ?

ಸಾಲದು. ಆ ಸಿನಿಮಾಗಳಲ್ಲಿ ಅನೇಕವು ಕೆನಡಾದಲ್ಲಿ ಬೇಸಿಗೆಯಲ್ಲೇ ಚಿತ್ರೀಕರಣವಾಗುತ್ತವೆ, ಹಿಮ ನಕಲಿ. ನಟರ ಬಾಯಿಂದ ಹಬೆ ಬರುವುದಿಲ್ಲ, ಕೋಟಿನ ಗುಂಡಿ ಬಿಚ್ಚಿರುತ್ತದೆ. ನಿಜದಲ್ಲಿ ಸೊನ್ನೆಯ ಆಸುಪಾಸಿನ ಒದ್ದೆ ಹಿಮ ಮಾತ್ರ ಮುದ್ದೆ ಕಟ್ಟುತ್ತದೆ. ಮೈನಸ್ 15 ಡಿಗ್ರಿಯ ಹಿಮ ಒಣ ಪುಡಿ, ಅದರಲ್ಲಿ ಹಿಮದುಂಡೆಯ ಕಾಳಗವೂ ಇಲ್ಲ, ಹಿಮಮನುಷ್ಯನೂ ಇಲ್ಲ. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಬೆಳಿಗ್ಗೆ ಕಿಟಕಿ ತೆರೆಯುವ ಮೊದಲೇ ನಿಶ್ಶಬ್ದದಿಂದ ಗೊತ್ತಾಗುತ್ತದೆ. ಒಳಗೆ ಬಂದವರು ಮೊದಲು ಬೂಟು ಬಿಚ್ಚುತ್ತಾರೆ, ಬಾಗಿಲ ಬಳಿ ನೀರು ನಿಲ್ಲುತ್ತದೆ. ಅಮೆರಿಕದ ಈಶಾನ್ಯದ ವರ್ಮಾಂಟ್ ರಾಜ್ಯದಲ್ಲಿ ಡಿಸೆಂಬರ್ ಕೊನೆಗೆ ಸಂಜೆ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ‘ಐದೂವರೆಯ ಹೊಂಬಿಸಿಲು’ ಎಂದು ಬರೆದರೆ ಕೆಟ್ಟಿರಿ.

ಹಿಮಗಾಳಿಯಲ್ಲಿ ಸಿಕ್ಕಿಕೊಂಡು ಕರೆಂಟ್ ಹೋಗುವ ದೃಶ್ಯದಲ್ಲಿ ಇನ್ನೊಂದು ವಿಷಯ ಮರೆತುಹೋಗುತ್ತದೆ. ಹಳ್ಳಿಗಾಡಿನ ಅನೇಕ ಮನೆಗಳಿಗೆ ನೀರು ಸ್ವಂತ ಬಾವಿಯದು, ಪಂಪಿಗೆ ಕರೆಂಟ್ ಬೇಕು. ದೀಪದೊಂದಿಗೆ ನಲ್ಲಿಯೂ ನಿಲ್ಲುತ್ತದೆ, ಬಿಸಿಗಾಳಿ ಊದುವ ಯಂತ್ರವೂ ನಿಲ್ಲುತ್ತದೆ. ಉಳಿಯುವುದು ಸೌದೆ ಒಲೆ. ಹಿಮವನ್ನು ಪಾತ್ರೆಗೆ ತುಂಬಿ ಕರಗಿಸುವಾಗ ಇಬ್ಬರಿಗೂ ಕೈತುಂಬ ಕೆಲಸ, ಮಾತಿಗೂ ಹೊತ್ತು.

ಕ್ರಿಸ್‌ಮಸ್ ಮರದ ತೋಟ ಉಳಿಸೋ ಕಥೆಯಲ್ಲಿ ಎಲ್ಲಿ ತಪ್ಪಾಗುತ್ತೆ?

ಮರದ ವಯಸ್ಸಿನಲ್ಲಿ. ಆರೇಳು ಅಡಿಯ ಮರಕ್ಕೆ ಏಳರಿಂದ ಹತ್ತು ವರ್ಷ ಬೇಕು, ಫ್ರೇಸರ್ ಫರ್ ಜಾತಿಗೆ ಇನ್ನೂ ಹೆಚ್ಚು ಹಿಡಿಯುವುದುಂಟು. ಈ ವರ್ಷ ಸಸಿ ನೆಟ್ಟು ಮುಂದಿನ ವರ್ಷ ಸಾಲ ತೀರಿಸಲಾಗದು. ಅಡಿಕೆ ತೋಟ ಇರುವವರಿಗೆ ಇದನ್ನು ಹೇಳಬೇಕಿಲ್ಲ. ಕಥೆಗೆ ಒಳ್ಳೆಯ ಕೊಂಡಿ ಇಲ್ಲೇ ಇದೆ: ಈಗ ಕಡಿಯುತ್ತಿರುವ ಮರಗಳನ್ನು ನೆಟ್ಟದ್ದು ಅವಳು ಊರು ಬಿಟ್ಟ ವರ್ಷ.

ಮರ ಸ್ಥಳಕ್ಕೆ ತಕ್ಕಂತಿರಲಿ. ಹೆಚ್ಚು ಮರ ಬೆಳೆಯುವ ರಾಜ್ಯಗಳು ಆರೆಗನ್ ಮತ್ತು ನಾರ್ತ್ ಕ್ಯಾರೊಲೈನಾ. ಮೊದಲನೆಯದರಲ್ಲಿ ನೋಬಲ್ ಫರ್, ಡಗ್ಲಸ್ ಫರ್. ಎರಡನೆಯದರ ಬೆಟ್ಟಗಳಲ್ಲಿ ಫ್ರೇಸರ್ ಫರ್. ಕಡಿದ ಮರವನ್ನು ಮನೆಯಲ್ಲಿ ನಿಲ್ಲಿಸುವ ಮೊದಲು ಬುಡದಿಂದ ಅರ್ಧದಿಂದ ಒಂದು ಇಂಚು ಮತ್ತೆ ಕೊಯ್ಯುತ್ತಾರೆ, ಅಂಟು ಕಟ್ಟಿದ ಬುಡ ನೀರು ಹೀರುವುದಿಲ್ಲ. ನಾಯಕ ಗರಗಸ ಹಿಡಿದು ಅವಳ ಮನೆಯ ನೆಲದ ಮೇಲೆ ಮಲಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಮೇಯರ್, ಶೆರಿಫ್, ಪೊಲೀಸ್ ಚೀಫ್, ಎಲ್ಲಾ ಒಂದೇನಾ?

ಅಲ್ಲ. ಶೆರಿಫ್ ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಚುನಾಯಿತ ಕಾನೂನುಪಾಲಕ, ಪೊಲೀಸ್ ಚೀಫ್ ಊರಾಡಳಿತ ನೇಮಿಸಿದವರು. ವರ್ಮಾಂಟಿನ ಸಣ್ಣ ಊರುಗಳಿಗೆ ಮೇಯರೇ ಇರುವುದಿಲ್ಲ, ‘ಸೆಲೆಕ್ಟ್‌ಬೋರ್ಡ್’ ಎಂಬ ಚುನಾಯಿತ ಮಂಡಳಿ ಇರುತ್ತದೆ. ದೀಪ ಬೆಳಗುವ ಸಮಾರಂಭಕ್ಕೆ ಮೇಯರ್ ಬೇಕೇ ಬೇಕೆಂದರೆ ಕಥೆಯನ್ನು ಬೇರೆ ರಾಜ್ಯಕ್ಕೆ ಒಯ್ಯಿರಿ.

ಜಿಂಜರ್‌ಬ್ರೆಡ್ (ಶುಂಠಿ ಬಿಸ್ಕತ್ತಿನ) ಮನೆ ಕಟ್ಟೋ ದೃಶ್ಯ ಸಪ್ಪೆ ಆಗ್ತಿದೆ, ಏನ್ಮಾಡ್ಲಿ?

ಕೆಲಸದ ಕ್ರಮವನ್ನು ಬಳಸಿಕೊಳ್ಳಿ. ಗಾರೆಯ ಬದಲು ಮೊಟ್ಟೆಯ ಬಿಳಿ ಮತ್ತು ನುಣ್ಣನೆ ಸಕ್ಕರೆ ಕಡೆದ ಗಟ್ಟಿ ಐಸಿಂಗ್. ನಾಲ್ಕು ಗೋಡೆ ನಿಲ್ಲಿಸಿ ಒಂದೆರಡು ಗಂಟೆ ಒಣಗಲು ಬಿಟ್ಟು ಆಮೇಲೆ ಚಾವಣಿ. ಅವಸರಪಟ್ಟರೆ ಚಾವಣಿಯ ಭಾರಕ್ಕೆ ಗೋಡೆ ಹೊರಕ್ಕೆ ಜಾರುತ್ತದೆ. ಗೋಡೆ ಹಿಡಿದು ನಿಂತ ನಾಲ್ಕು ಕೈ ಬಿಡುವಂತಿಲ್ಲ, ಮುಖಗಳು ಹತ್ತಿರ. ಮೂಗಿಗೆ ಐಸಿಂಗ್ ಬಳಿಯುವ ಹಳೇ ಚೇಷ್ಟೆ ಬಿಟ್ಟುಬಿಡಿ, ಅದು ಸವೆದುಹೋಗಿದೆ.

ಪಾತ್ರಗಳ ಬಾಯಲ್ಲಿ ಕ್ರಿಸ್‌ಮಸ್ ಹಾಡು ಹಾಡಿಸಬಹುದಾ?

ಹಾಡಿನ ಹೆಸರು ಹೇಳಬಹುದು, ಸಾಲು ಹಾಕುವಾಗ ಎಚ್ಚರ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ. 1818ರಲ್ಲಿ ಆಸ್ಟ್ರಿಯಾದಲ್ಲಿ ಮೊದಲು ಹಾಡಿದ ‘ಸೈಲೆಂಟ್ ನೈಟ್’ನಂಥವು ನಿರಾಳ. ರೇಡಿಯೊದಲ್ಲಿ ಕೇಳುವ 1940, 50ರ ದಶಕದ ಹಾಡುಗಳ ಒಂದು ಸಾಲಿಗೂ ಅನುಮತಿ ಬೇಕಾಗಬಹುದು.

## ಕನ್ನಡದಲ್ಲಿ ಬರೆಯುವಾಗ, ಅನುವಾದಿಸುವಾಗ

ನಾಯಕ ನಾಯಕಿ ‘ನೀವು’ ಅನ್ಬೇಕಾ ‘ನೀನು’ ಅನ್ಬೇಕಾ?

ಇಂಗ್ಲಿಷಿಗಿಲ್ಲದ ಆಯುಧ ನಮ್ಮ ಕೈಲಿದೆ, ಮೊದಲ ಪುಟದಲ್ಲೇ ಖರ್ಚುಮಾಡಬೇಡಿ. ಅಪರಿಚಿತರಾದರೆ ಬಹುವಚನದಲ್ಲೇ ಶುರುಮಾಡಿ ಆ ಒಂದು ‘ನೀನು’ ಯಾವಾಗ, ಯಾರ ಬಾಯಿಂದ ಜಾರುತ್ತದೆ ಎಂದು ಮೊದಲೇ ನಿರ್ಧರಿಸಿ. ಸ್ವೀಟ್ ಕಥೆಯಲ್ಲಿ ಅದು ಮುತ್ತಿಗಿಂತ ದೊಡ್ಡ ಘಟನೆಯಾಗಬಲ್ಲದು. ಜಾರಿದ ಮೇಲೆ ನಾಲ್ಕು ಸಾಲು ಯಾರೂ ಅದರ ಬಗ್ಗೆ ಮಾತಾಡದಿರಲಿ. ಬಾಲ್ಯದ ಗೆಳೆಯರಾದರೆ ಏಕವಚನ ಮೊದಲಿಂದಲೂ ಇರುತ್ತದೆ. ಆಗ ಉಲ್ಟಾ ಮಾಡಿ: ಬಿರುಕಿನ ಅಧ್ಯಾಯದಲ್ಲಿ ಅವನು ತಣ್ಣಗೆ ‘ನೀವು ಹೊರಡಿ’ ಎನ್ನಲಿ. ಅನುವಾದಕರು ಈ ತಿರುವಿನ ಅಧ್ಯಾಯ ಯಾವುದೆಂದು ಗುರುತಿಸಿಕೊಂಡು ಅನುವಾದ ಶುರುಮಾಡಬೇಕು. ಇಲ್ಲದಿದ್ದರೆ ಮೂರನೇ ಅಧ್ಯಾಯದಲ್ಲಿ ‘ನೀನು’, ಐದರಲ್ಲಿ ‘ನೀವು’ ಎಂದು ಗೋಜಲಾಗುತ್ತದೆ.

‘ಮಿಸಲ್‌ಟೋ’ಗೆ ಕನ್ನಡದಲ್ಲಿ ಏನನ್ನೋದು?

ಸಸ್ಯವಾಗಿ ಅದು ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆಯ ದೂರದ ನೆಂಟ. ಹಾಗೆಂದು ‘ಬಂದಳಿಕೆಯ ಕೆಳಗೆ ಮುತ್ತಿಟ್ಟ’ ಎಂದರೆ ತೋಟದಲ್ಲಿ ಬಂದಳಿಕೆ ಕಡಿದು ಸುಸ್ತಾದವರು ನಕ್ಕಾರು. ಮಿಸಲ್‌ಟೋ ಎಂದೇ ಬರೆದು, ಬಾಗಿಲ ಮೇಲೆ ತೂಗುವ ಹಸಿರು ಗೊಂಚಲು, ಅದರಡಿ ಸಿಕ್ಕಿದವರು ಮುತ್ತಿಡಬೇಕೆಂಬ ವಾಡಿಕೆ ಎರಡನ್ನೂ ಪಾತ್ರದ ತಮಾಷೆಯ ಮಾತಿನಲ್ಲೇ ತಿಳಿಸಿ. ಅಡಿಟಿಪ್ಪಣಿ ಹಾಕಿದರೆ ಮುತ್ತು ತಣ್ಣಗಾಗುತ್ತದೆ.

ಇದನ್ನ ಮಂಗಳೂರು, ಚಿಕ್ಕಮಗಳೂರಿನ ಕಡೆ ಇಡಬಹುದಾ?

ಇಡಬಹುದು, ಹಿಮದ ಬದಲು ಹತ್ತಿ ಅಂಟಿಸದಿದ್ದರೆ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಡಿಸೆಂಬರಿಗೆ ತನ್ನದೇ ಓಟವಿದೆ. ಬಿದಿರು, ಬಣ್ಣದ ಕಾಗದದ ನಕ್ಷತ್ರ, ಮಕ್ಕಳು ಕಟ್ಟುವ ಗೋದಲಿ, ನೆವ್ರಿ, ಕಿಡ್ಯೊ, ಗುಳಿಯೊ, ರೋಸ್ ಕುಕ್ಕಿ ಎಂದು ದಿನಗಟ್ಟಲೆ ನಡೆಯುವ ಕುಸ್ವಾರ್ ತಿಂಡಿಗಳ ತಯಾರಿ, ನೆರೆಯವರ ಮನೆಗೆ ಹೋಗುವ ತಟ್ಟೆ, 24ರ ನಡುರಾತ್ರಿ ಚರ್ಚಿನಲ್ಲಿ ನಡೆಯುವ ಬಲಿಪೂಜೆ. ಕಿಡ್ಯೊ ಸುರುಳಿಸಲು ಹತ್ತು ಕೈ ಬೇಕು, ಜಿಂಜರ್‌ಬ್ರೆಡ್ ಮನೆಯ ಕೆಲಸ ಇಲ್ಲೇ ಆಯಿತು. ಒಂದು ತಪ್ಪು ಮಾತ್ರ ಮಾಡಬೇಡಿ: ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳ ಅವಧಿಯಲ್ಲಿ ವಾಡಿಕೆಯಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್ 15ಕ್ಕೆ ಅಕ್ಕನ ಮದುವೆ, 14ಕ್ಕೆ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಎಂದು ಬರೆದರೆ ಆ ಕಡೆಯ ಓದುಗರು ಪುಸ್ತಕ ಮುಚ್ಚುತ್ತಾರೆ. ಹಬ್ಬ ಕಳೆದ ಮೇಲಿನ ವಾರಕ್ಕೆ ಇಡಿ.

ಚಿಕ್ಕಮಗಳೂರಾದರೆ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ. ಎಸ್ಟೇಟಿನವನು ಆ ದಿನಗಳಲ್ಲಿ ಊರು ಬಿಟ್ಟು ಅವಳ ಹಿಂದೆ ಬೆಂಗಳೂರಿಗೆ ಓಡಲಾರ. ಕಣದಲ್ಲಿ ಹಣ್ಣು ಒಣಗುವಾಗ ಅಕಾಲ ಮಳೆಯ ಮೋಡ ಕವಿದರೆ ಅದೇ ನಿಮ್ಮ ಹಿಮಗಾಳಿ.

## ಪ್ರಕಟಣೆ

ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ್ರೆ ಸರಿ ಅಲ್ವಾ?

ತಡ. ಇಂಗ್ಲಿಷ್ ಓದುಗರು ಅಕ್ಟೋಬರಿನಲ್ಲೇ ಶುರುಮಾಡುತ್ತಾರೆ, ಡಿಸೆಂಬರ್ 26ಕ್ಕೆ ಆಸೆ ಆರಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ತನ್ನಿ, ಅಂದರೆ ಬರವಣಿಗೆ ಯುಗಾದಿಯ ಸೆಕೆಯಲ್ಲೇ ನಡೆಯಬೇಕು. ಅಮೆಜಾನಿನ ಇ-ಪುಸ್ತಕ ಮಳಿಗೆಯಾದ ಕಿಂಡಲ್‌ನಲ್ಲಿ ಮುಂಗಡ ಬುಕಿಂಗ್ ಇಟ್ಟಿದ್ದರೆ ಅಂತಿಮ ಕಡತ ಬಿಡುಗಡೆಗೆ 72 ಗಂಟೆ ಮೊದಲೇ ಏರಿಸಿರಬೇಕು. ತಿಂಗಳ ಚಂದಾ ಕಟ್ಟಿ ಓದುವ ಕಿಂಡಲ್ ಅನ್‌ಲಿಮಿಟೆಡ್‌ಗೆ ಸೇರಿಸಿದರೆ ಆ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಕೊಡುವಂತಿಲ್ಲ. ಅಕ್ಟೋಬರ್ 1ಕ್ಕೆ ಸೇರಿಸಿದರೆ ಡಿಸೆಂಬರ್ ಮುಗಿಯುವವರೆಗೂ ಕಟ್ಟು, ಸೀಸನ್ ಪೂರ್ತಿ ಅಲ್ಲೇ.

ಸಣ್ಣ ಪುಸ್ತಕ ಅಂತ 99 ಸೆಂಟ್ ಇಡೋದು ವಾಸಿನಾ?

ಲೆಕ್ಕ ನೋಡಿ. ಕಿಂಡಲ್‌ನಲ್ಲಿ 2.99 ಡಾಲರಿನಿಂದ 9.99ರವರೆಗೆ 70 ಶೇಕಡ ರಾಯಲ್ಟಿ, ಅದಕ್ಕಿಂತ ಕಡಿಮೆಗೆ 35. 99 ಸೆಂಟಿಗೆ ಸಿಗುವುದು ಸುಮಾರು 35 ಸೆಂಟ್, 2.99ಕ್ಕೆ 2.09 ಡಾಲರ್, ಅದರಲ್ಲಿ ಕಡತದ ಗಾತ್ರಕ್ಕೆ ತಕ್ಕ ಚಿಲ್ಲರೆ ಕಳೆಯುತ್ತದೆ. 99 ಸೆಂಟಿನ ಆರು ಪ್ರತಿ ಮಾರಿದರೆ 2.99ರ ಒಂದಕ್ಕೆ ಸಮ. ಸರಣಿಯ ಮೊದಲ ಪುಸ್ತಕವನ್ನು ಅಗ್ಗಕ್ಕಿಟ್ಟು ಉಳಿದವನ್ನು 2.99ಕ್ಕೆ ಇಡುವುದು ರೂಢಿ. ಭಾರತದ ಮಾರಾಟಕ್ಕೆ 70 ಶೇಕಡ ಬೇಕಾದರೆ ಮೇಲೆ ಹೇಳಿದ 90 ದಿನದ ಕಟ್ಟಿಗೆ ಒಪ್ಪಲೇಬೇಕು.

ಅದೇ ಊರಿನಲ್ಲಿ ಎರಡನೇ ಕಥೆ ಬರೀತಿದ್ದೀನಿ, ಹೆಸರುಗಳು ಕಲಸಿಹೋಗ್ತಿವೆ.

ಊರಿಗೊಂದು ನೋಟ್‌ಬುಕ್ ಇಡಿ. ಒಂದು ಪುಟಕ್ಕೆ ಮುಖ್ಯ ಬೀದಿಯ ನಕ್ಷೆ: ಎಡಕ್ಕೆ ಯಾವ ಅಂಗಡಿ, ಬಲಕ್ಕೆ ಯಾವುದು, ಯಾವುದರ ಬಾಗಿಲಿಗೆ ಗಂಟೆ ಇದೆ. ಇನ್ನೊಂದಕ್ಕೆ ಜನ: ವಯಸ್ಸು, ಕಣ್ಣಿನ ಬಣ್ಣ, ಯಾರನ್ನು ಯಾರು ಏನೆಂದು ಕರೆಯುತ್ತಾರೆ. ಮೂರನೆಯದಕ್ಕೆ ವರ್ಷಗಳು. ನಾಯಿಯ ವಯಸ್ಸನ್ನೂ ಬರೆಯಿರಿ. ಮೊದಲ ಪುಸ್ತಕದಲ್ಲಿ ಹನ್ನೆರಡು ವರ್ಷದ ಮುದಿ ಲ್ಯಾಬ್ರಡಾರ್ ಐದನೆಯದರಲ್ಲೂ ಚೆಂಡಿನ ಹಿಂದೆ ಓಡುತ್ತಿದ್ದರೆ ಮೊದಲು ಹಿಡಿಯುವವರು ಓದುಗರೇ.